ಸ್ಪರ್ಧೆಗೆ ಶೋ ಪೋನಿ ಲೀಸ್‌ಗೆ ತಗೊಳ್ಳುವುದು ಹೇಗೆ: ಮೊದಲ ಫೋನಿನಿಂದ ವಾಪಸ್ ಕೊಡುವ ದಿನದವರೆಗೆ

"ಮಗಳು ರೈಡಿಂಗ್ ಸ್ಕೂಲಿನಲ್ಲಿ ಎರಡು ವರ್ಷ ಕಲಿತಿದ್ದಾಳೆ. ಈಗ ಶೋಗೆ ಹೋಗಬೇಕು ಅಂತಿದ್ದಾಳೆ. ಪೋನಿ ಕೊಳ್ಳುವುದು ನಮ್ಮ ಕೈಲಾಗದ ಮಾತು. ಲೀಸ್‌ಗೆ ಸಿಗುತ್ತಂತಲ್ಲ, ಹೇಗೆ?" ಇಂಗ್ಲೆಂಡಿನಲ್ಲಿರುವ ಕನ್ನಡದ ಅಪ್ಪ ಅಮ್ಮಂದಿರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಫೋನಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ಇಲ್ಲಿರುವ ನಿಯಮ, ಕಾನೂನು ಎಲ್ಲ ಇಂಗ್ಲೆಂಡಿನವು.

ಪೋನಿ ಅಂದರೆ ಗಿಡ್ಡ ಜಾತಿಯ ಕುದುರೆ. ಮೊದಲು ಲೀಸ್, ಲೋನ್ ಎಂಬ ಎರಡು ಪದಗಳ ಗೊಂದಲ ಬಿಡಿಸೋಣ. ಬೆಂಗಳೂರಿನಲ್ಲಿ ಮನೆ ಲೀಸ್ ಅಂದರೆ ಒಂದು ದೊಡ್ಡ ಮೊತ್ತ ಕೊಟ್ಟು, ಮನೆ ಬಿಡುವಾಗ ಅದನ್ನು ವಾಪಸ್ ತಗೊಳ್ಳುವುದು. ಪೋನಿ ಲೀಸ್ ಹಾಗಲ್ಲ. ಇಷ್ಟು ಕಾಲಕ್ಕೆ ಇಷ್ಟು ಹಣ ಅಂತ ಕೊಡುತ್ತೀರಿ, ಅದು ವಾಪಸ್ ಬರುವುದಿಲ್ಲ. ಜಾಹೀರಾತಿನಲ್ಲಿ 'ಲೋನ್' ಅಂತಲೂ ಇರುತ್ತದೆ. ಅದು ಬ್ಯಾಂಕಿನ ಸಾಲ ಅಲ್ಲ, ಪೋನಿಯನ್ನೇ ಎರವಲು ಕೊಡುವುದು. ಲೋನ್‌ನಲ್ಲಿ ಎಷ್ಟೋ ಸಲ ಬಾಡಿಗೆ ಇರುವುದಿಲ್ಲ, ಆದರೆ ಸಾಕುವ ಖರ್ಚೆಲ್ಲ ನಿಮ್ಮದು. ನಮ್ಮ ಊರುಗಳಲ್ಲಿ ಹಸುವನ್ನು ಪಾಲಿಗೆ ಸಾಕಲು ಕೊಡುತ್ತಾರಲ್ಲ, ಆ ಭಾವನೆ ಇದಕ್ಕೆ ಹತ್ತಿರ. ಜೀವ ಅವರದು, ಜವಾಬ್ದಾರಿ ನಿಮ್ಮದು.

ಇನ್ನು ಶೋಯಿಂಗ್. ಇದು ಓಟವೂ ಅಲ್ಲ, ಜಿಗಿತವೂ ಅಲ್ಲ. ಮಕ್ಕಳು ಪೋನಿಗಳನ್ನು ಗುಂಪಾಗಿ ನಡಿಗೆ, ಟ್ರಾಟ್, ಕ್ಯಾಂಟರ್‌ನಲ್ಲಿ ಓಡಿಸುತ್ತಾರೆ. ಟ್ರಾಟ್ ಅಂದರೆ ಕುಣಿಯುವ ಹೆಜ್ಜೆಯ ಓಟ, ಕ್ಯಾಂಟರ್ ಅಂದರೆ ಅದಕ್ಕಿಂತ ವೇಗದ ತೂಗುವ ಓಟ. ಆಮೇಲೆ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರನ್ನೇ ಕರೆಯುತ್ತಾರೆ. ತೀರ್ಪುಗಾರರು ಪೋನಿಯ ಮೈಕಟ್ಟು, ಚಲನೆ, ನಡವಳಿಕೆ ನೋಡುತ್ತಾರೆ. ನಡವಳಿಕೆಗೆ ತುಂಬಾ ಬೆಲೆ ಇದೆ, ನೆನಪಿಟ್ಟುಕೊಳ್ಳಿ.

ಹಂತ 1: ಮೊದಲು ಮಗುವನ್ನು ಅಳೆಯಿರಿ

ಎಲ್ಲರೂ ಜಾಹೀರಾತಿನಿಂದ ಶುರು ಮಾಡುತ್ತಾರೆ. ಅದು ತಪ್ಪು. ಮಗುವಿನ ವಯಸ್ಸು, ಎತ್ತರ, ತೂಕ, ಕಲಿತಿರುವ ಮಟ್ಟ ಇವನ್ನು ಬರೆದಿಟ್ಟುಕೊಂಡು ಆಮೇಲೆ ಹುಡುಕಿ. ಬ್ರಿಟಿಷ್ ಶೋ ಪೋನಿ ಸೊಸೈಟಿಯ ತರಗತಿಗಳು ಪೋನಿಯ ಎತ್ತರ ಮತ್ತು ಸವಾರರ ವಯಸ್ಸು ಎರಡರ ಮೇಲೂ ನಿಂತಿವೆ. ಶೋ ಪೋನಿಗಳಲ್ಲಿ 128, 138, 148 ಸೆಂ.ಮೀ. ಎಂದು ಮೂರು ಎತ್ತರದ ಮಿತಿಗಳಿವೆ. ಆ ವರ್ಷದ ಜನವರಿ 1ಕ್ಕೆ ಮುಂಚೆ 128ರ ತರಗತಿಯ ಸವಾರರಿಗೆ 13, 138ಕ್ಕೆ 15, 148ಕ್ಕೆ 17 ತುಂಬಿರಬಾರದು. ಅದಕ್ಕೂ ಚಿಕ್ಕವರಿಗೆ ಲೀಡ್ ರೇನ್ ತರಗತಿ ಇದೆ. ಅಲ್ಲಿ ದೊಡ್ಡವರೊಬ್ಬರು ಹಗ್ಗ ಹಿಡಿದು ಪೋನಿಯ ಪಕ್ಕದಲ್ಲೇ ನಡೆಯುತ್ತಾರೆ. ಹಗ್ಗ ಬಿಟ್ಟು ಮೊದಲ ಸಲ ಒಂಟಿಯಾಗಿ ಸವಾರಿ ಮಾಡುವವರಿಗೆ ಫಸ್ಟ್ ರಿಡನ್. ಇವೆರಡರಲ್ಲೂ ಶೋ ಪೋನಿಯ ಎತ್ತರ 122 ಸೆಂ.ಮೀ. ಮೀರಬಾರದು.

ಹಳಬರು ಎತ್ತರವನ್ನು 'ಹ್ಯಾಂಡ್' ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಹ್ಯಾಂಡ್ ಅಂದರೆ 4 ಇಂಚು. '12.2' ಅಂದರೆ ದಶಮಾಂಶ ಅಲ್ಲ, 12 ಹ್ಯಾಂಡ್ 2 ಇಂಚು. ಅಂದರೆ ಸುಮಾರು 127 ಸೆಂ.ಮೀ.

ಇಲ್ಲಿ ನಮ್ಮವರು ಜಾಸ್ತಿ ಮಾಡುವ ತಪ್ಪು ಒಂದಿದೆ. ಬೆಳೆಯುವ ಮಕ್ಕಳಿಗೆ ಒಂದು ಸೈಜ್ ದೊಡ್ಡ ಚಪ್ಪಲಿ ಕೊಡಿಸುವುದು ನಮ್ಮ ಅಭ್ಯಾಸ. ಪೋನಿಯ ವಿಷಯದಲ್ಲಿ ದಯವಿಟ್ಟು ಹಾಗೆ ಮಾಡಬೇಡಿ. ದೊಡ್ಡ ಪೋನಿಯ ಮೇಲೆ ಮಗುವಿನ ಕಾಲು ಹೊಟ್ಟೆಯ ಪಕ್ಕಕ್ಕೆ ಸರಿಯಾಗಿ ತಾಗುವುದಿಲ್ಲ, ಮಗು ಹೇಳಿದ್ದು ಪೋನಿಗೆ ಗೊತ್ತಾಗುವುದಿಲ್ಲ. ಆಮೇಲೆ ಭಯ ಹುಟ್ಟುತ್ತದೆ. ಒಂದು ಸಲ ಹುಟ್ಟಿದ ಭಯ ಹೋಗಲು ವರ್ಷ ಬೇಕು. ಲೀಸ್‌ನ ದೊಡ್ಡ ಅನುಕೂಲವೇ ಇದು: ಈಗಿನ ಅಳತೆಗೆ ಸರಿಯಾದ ಪೋನಿ ತಗೊಳ್ಳಬಹುದು, ಮಗು ಬೆಳೆದ ಮೇಲೆ ಬದಲಾಯಿಸಬಹುದು.

ಹಂತ 2: ಖರ್ಚನ್ನು ಪೂರ್ತಿ ಬರೆಯಿರಿ

ಲೀಸ್ ಹಣ ಖರ್ಚಿನ ಒಂದು ಭಾಗ ಮಾತ್ರ. ಲಿವರಿ ಅಂದರೆ ಪೋನಿ ಇರುವ ಲಾಯದ ಬಾಡಿಗೆ. ಫುಲ್ ಲಿವರಿಯಲ್ಲಿ ಎಲ್ಲ ಕೆಲಸ ಅವರೇ ಮಾಡುತ್ತಾರೆ. ಡಿಐವೈ ಲಿವರಿಯಲ್ಲಿ ಜಾಗ ಮಾತ್ರ ಅವರದು. ಜನವರಿಯ ಚಳಿಯಲ್ಲೂ ಬೆಳಗ್ಗೆ ಸಂಜೆ ಹೋಗಿ ಲದ್ದಿ ಬಾಚುವುದು ನೀವೇ. ಪಾರ್ಟ್ ಲಿವರಿ ಇವೆರಡರ ನಡುವೆ. ಇದರ ಮೇಲೆ ಹುಲ್ಲು, 6ರಿಂದ 8 ವಾರಕ್ಕೊಮ್ಮೆ ಲಾಳ ಮತ್ತು ಗೊರಸಿನ ಕೆಲಸ, ಲಸಿಕೆ, ಹಲ್ಲಿನ ತಪಾಸಣೆ, ಜಂತಿನ ಪರೀಕ್ಷೆ, ವಿಮೆ, ತರಬೇತಿ, ಸಾಗಣೆ, ಸಂಘದ ಸದಸ್ಯತ್ವ, ಪ್ರವೇಶ ಶುಲ್ಕ. ಲಾಳ ಕಟ್ಟುವವರು ನೋಂದಾಯಿತರೇ ಆಗಿರಬೇಕು, ಬೇರೆಯವರು ಕಟ್ಟುವುದು ಕಾನೂನಿಗೆ ವಿರುದ್ಧ.

ಹುಡುಕುವ ಮೊದಲೇ ಲಾಯ ಗೊತ್ತು ಮಾಡಿಕೊಳ್ಳಿ. ಒಳ್ಳೆಯ ಮಾಲೀಕರು ಕೇಳುವ ಮೊದಲ ಪ್ರಶ್ನೆಯೇ "ಎಲ್ಲಿ ಇಡುತ್ತೀರಿ?" ಅಂತ.

ಹಂತ 3: ಫೋನಿನಲ್ಲಿ ಕೇಳಬೇಕಾದದ್ದು

ಮಗುವಿಗೆ ಕಲಿಸುವವರನ್ನು ಮೊದಲು ವಿಚಾರಿಸಿ. ಒಳ್ಳೆಯ ಪೋನಿಗಳು ಎಷ್ಟೋ ಸಲ ಜಾಹೀರಾತಿಗೆ ಬರುವುದೇ ಇಲ್ಲ. ಒಂದು ಮನೆಯ ಮಗು ಬೆಳೆದ ಕೂಡಲೇ ಬಾಯಿಂದ ಬಾಯಿಗೆ ಹೋಗಿ ಇನ್ನೊಂದು ಮನೆ ಸೇರುತ್ತವೆ.

ಫೋನ್ ಮಾಡಿದಾಗ ಕೇಳಿ: ಈಗ ಯಾರು ಸವಾರಿ ಮಾಡುತ್ತಿದ್ದಾರೆ, ಅವರ ವಯಸ್ಸೆಷ್ಟು? ಕಳೆದ ಸೀಸನ್‌ನಲ್ಲಿ ಯಾವ ಶೋಗಳಿಗೆ ಹೋಗಿತ್ತು? ಎತ್ತರದ ಸರ್ಟಿಫಿಕೇಟ್ ಇದೆಯಾ? ಸಾಗಿಸುವ ಗಾಡಿ ಹತ್ತುತ್ತದಾ? ಲ್ಯಾಮಿನೈಟಿಸ್ ಯಾವತ್ತಾದರೂ ಆಗಿದೆಯಾ? (ಇದೇನೆಂದು ಮುಂದೆ ಹೇಳುತ್ತೇನೆ.) ಈಗ ಯಾವುದಾದರೂ ಔಷಧಿ ಕೊಡುತ್ತಿದ್ದೀರಾ? ಕೊನೆಯ ಪ್ರಶ್ನೆಗೆ ಕಾರಣವಿದೆ. 'ಬ್ಯೂಟ್' ಎಂದು ಕರೆಯುವ ನೋವಿನ ಔಷಧಿ ಲಾಯಗಳಲ್ಲಿ ತುಂಬಾ ಸಾಮಾನ್ಯ. ಆ ಔಷಧಿಯ ಬಲದಿಂದ ನಡೆಯುವ ಪೋನಿಯನ್ನು ಸ್ಪರ್ಧೆಗೆ ಒಯ್ಯುವಂತಿಲ್ಲ.

'ನಾವಿಸ್' ಎಂಬ ಪದ ಕೇಳುತ್ತೀರಿ. ಹೆಚ್ಚು ಗೆದ್ದಿಲ್ಲದ ಪೋನಿಗಳ ತರಗತಿ ಅದು. ಅನುಭವ ಇಲ್ಲದ ಮಗುವಿಗೆ ಅಂತ ತಿಳಿದು ಹೊಸ ಪೋನಿ ತಂದುಬಿಡುವವರಿದ್ದಾರೆ. ಹೊಸ ಮಗುವಿಗೆ ಬೇಕಾಗಿರುವುದು ಹಳೆಯ, ನೂರು ಶೋ ನೋಡಿ ತಣ್ಣಗಾಗಿರುವ ಪೋನಿ. 15, 16 ವರ್ಷದ್ದಾದರೂ ಹಿಂಜರಿಯಬೇಡಿ. ಆ ಪೋನಿಯೇ ನಿಮ್ಮ ಮಗುವಿನ ಮೇಷ್ಟ್ರು.

ಹಂತ 4: ಹೋಗಿ ನೋಡುವುದು

ಒಂದು ಸಲ ಅಲ್ಲ, ಎರಡು ಸಲ ಹೋಗಿ. ಎರಡನೇ ಸಲ ಬೇರೆ ಹೊತ್ತಿನಲ್ಲಿ ಹೋಗಿ. ತರಬೇತುದಾರರನ್ನು ಕರೆದುಕೊಂಡು ಹೋಗಿ, ಅವರ ಸಮಯಕ್ಕೆ ಹಣ ಕೊಡಿ. ಅದು ದಂಡದ ಖರ್ಚಲ್ಲ.

"ನಾವು ಬರುವ ಮುಂಚೆ ಪೋನಿಯನ್ನು ಸಿದ್ಧ ಮಾಡಬೇಡಿ" ಅಂತ ಮೊದಲೇ ಹೇಳಿ. ತಲುಪಿದ ಕೂಡಲೇ ಜೀನು ಇಡುವ ಜಾಗದಲ್ಲಿ, ಎದೆಯ ಮೇಲೆ ಕೈ ಇಟ್ಟು ನೋಡಿ. ಬಿಸಿಯಾಗಿದ್ದರೆ, ಕೂದಲು ಬೆವರಿಗೆ ಅಂಟಿ ಒಣಗಿದ್ದರೆ, ಯಾರೋ ಆಗಲೇ ಓಡಿಸಿ ಸುಸ್ತು ಮಾಡಿದ್ದಾರೆ ಎಂದರ್ಥ. ಹಾಗಿದ್ದರೆ ನೀವು ನೋಡುತ್ತಿರುವ ಶಾಂತ ಸ್ವಭಾವ ಅದರದ್ದಲ್ಲ.

ಬಯಲಿನಿಂದ ಹಿಡಿದು ತರುವುದನ್ನು ನೋಡಿ. ಹತ್ತಿರ ಹೋದಾಗ ಓಡುತ್ತದಾ? ಲಗಾಮು ಹಾಕುವಾಗ ತಲೆ ಮೇಲೆತ್ತುತ್ತದಾ? ಜೀನಿನ ಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಒರಗಿಸಿ ಕಚ್ಚಲು ತಿರುಗಿದರೆ ಬೆನ್ನು ನೋವೋ ಹೊಟ್ಟೆ ತೊಂದರೆಯೋ ಇರಬಹುದು. ನಾಲ್ಕೂ ಕಾಲು ಎತ್ತಿಸಿ. ಮೊದಲು ಅವರ ಮನೆಯವರೇ ಸವಾರಿ ಮಾಡಲಿ, ಆಮೇಲೆ ತರಬೇತುದಾರರು ಒಪ್ಪಿದರೆ ನಿಮ್ಮ ಮಗು. ಅವರ ಮನೆಯಲ್ಲಿ ಯಾರೂ ಹತ್ತಲು ತಯಾರಿಲ್ಲ ಅಂದರೆ ನಿಮ್ಮ ಮಗುವನ್ನೂ ಹತ್ತಿಸಬೇಡಿ.

ಇನ್ನೆರಡು ಪರೀಕ್ಷೆ ಬಿಡಲೇಬಾರದು. ಒಂದು, ಗಾಡಿ ಹತ್ತಿಸಿ ಇಳಿಸಿ ತೋರಿಸಲು ಹೇಳಿ. ಇನ್ನೊಂದು, ಬೇರೆ ಪೋನಿಗಳ ಜೊತೆ ಸಾಲಿನಲ್ಲಿ ಹತ್ತು ನಿಮಿಷ ನಿಲ್ಲಿಸಿ. ನಾವು ನೋಡಿದ ಒಂದು ಪೋನಿ ಒಂಟಿಯಾಗಿ ಕ್ಯಾಂಟರ್ ಮಾಡುವಾಗ ಬೆಣ್ಣೆಯ ಹಾಗಿತ್ತು. ಸಾಲಿನಲ್ಲಿ ನಿಲ್ಲಿಸಿದಾಗ ಮೂರನೇ ನಿಮಿಷಕ್ಕೆ ನೆಲ ಕೆರೆಯಲು ಶುರು ಮಾಡಿತು, ಐದನೇ ನಿಮಿಷಕ್ಕೆ ಹಿಂಗಾಲ ಮೇಲೆ ಎದ್ದಿತು. ಶೋನಲ್ಲಿ ಮಕ್ಕಳು ಓಡಿಸುವುದಕ್ಕಿಂತ ನಿಂತು ಕಾಯುವುದೇ ಜಾಸ್ತಿ.

ಅವತ್ತೇ ಹೂಂ ಅನ್ನಬೇಡಿ. ಮಗುವಿನ ಎದುರಿಗೆ ಅಂತೂ ಬೇಡವೇ ಬೇಡ.

ಹಂತ 5: ವೆಟ್ ಮತ್ತು ದಾಖಲೆ

ಕೊಳ್ಳುತ್ತಿಲ್ಲವಲ್ಲ, ಪಶುವೈದ್ಯರ ತಪಾಸಣೆ ಯಾಕೆ ಅಂತ ಕೇಳುತ್ತಾರೆ. ಬರುವ ದಿನ ಪೋನಿಯ ಆರೋಗ್ಯ ಹೇಗಿತ್ತು ಎಂಬುದಕ್ಕೆ ಮೂರನೆಯವರ ಸಾಕ್ಷಿ ಬೇಕು, ಅದಕ್ಕೆ. ಆರು ತಿಂಗಳ ನಂತರ ಕುಂಟಿದರೆ "ಚೆನ್ನಾಗಿಯೇ ಕೊಟ್ಟಿದ್ದೆವು" ಎಂಬ ಮಾತು ಬರುತ್ತದೆ. ಇಲ್ಲಿ ಐದು ಹಂತದ ತಪಾಸಣೆ ಅಂತ ಒಂದಿದೆ: ನಿಂತಲ್ಲಿ ಪರೀಕ್ಷೆ, ನಡೆಸಿ ಓಡಿಸಿ ಪರೀಕ್ಷೆ, ಸವಾರಿ ಮಾಡಿಸಿ ಪರೀಕ್ಷೆ, ವಿಶ್ರಾಂತಿ, ಕೊನೆಗೆ ಮತ್ತೊಮ್ಮೆ ಓಟ. ಮೊದಲ ಎರಡನ್ನು ಮಾತ್ರವೂ ಮಾಡಿಸಬಹುದು. ಮಾಲೀಕರ ವೆಟ್ ಬೇಡ, ನೀವೇ ಬೇರೆಯವರನ್ನು ಗೊತ್ತು ಮಾಡಿ.

ಪಾಸ್‌ಪೋರ್ಟ್ ನೋಡಿ. ಹೌದು, ಇಲ್ಲಿ ಪ್ರತಿ ಕುದುರೆಗೂ ಪೋನಿಗೂ ಕತ್ತೆಗೂ ಪಾಸ್‌ಪೋರ್ಟ್ ಕಡ್ಡಾಯ. 2020ರ ಅಕ್ಟೋಬರ್ 1ರಿಂದ ಇಂಗ್ಲೆಂಡಿನಲ್ಲಿ ಎಲ್ಲಕ್ಕೂ ಮೈಕ್ರೋಚಿಪ್ ಕೂಡ ಕಡ್ಡಾಯ. ವೆಟ್ ಚಿಪ್ ಓದಿದಾಗ ಬಂದ ಸಂಖ್ಯೆ ಪಾಸ್‌ಪೋರ್ಟಿನದಕ್ಕೆ ಹೊಂದಬೇಕು. ಪಾಸ್‌ಪೋರ್ಟ್ ಮಾಲೀಕತ್ವದ ಪತ್ರ ಅಲ್ಲ ಎಂಬುದನ್ನು ಮರೆಯಬೇಡಿ. ಎರವಲು ತಂದ ಪೋನಿಯನ್ನು ತಮ್ಮದೆಂದು ಮತ್ತೊಬ್ಬರಿಗೆ ದಾಟಿಸುವವರೂ ಇದ್ದಾರೆ. ಕೊಂಡ ರಶೀದಿ ತೋರಿಸಲು ಮರ್ಯಾದೆಯಿಂದ ಕೇಳಿ. ನಿಜವಾದ ಮಾಲೀಕರು ಬೇಸರ ಮಾಡಿಕೊಳ್ಳುವುದಿಲ್ಲ.

ಎತ್ತರಕ್ಕೆ ಜಾಯಿಂಟ್ ಮೆಷರ್‌ಮೆಂಟ್ ಬೋರ್ಡಿನ ಸರ್ಟಿಫಿಕೇಟ್ ಇರುತ್ತದೆ. 4ರಿಂದ 6 ವರ್ಷದ ಪೋನಿಗೆ ಅದು ಒಂದು ವರ್ಷದ ಮಟ್ಟಿಗೆ, 7 ಆದ ಮೇಲೆ ಜೀವಮಾನಕ್ಕೆ ಸಿಗುತ್ತದೆ. ಚಿಕ್ಕ ಪೋನಿ ಈ ವರ್ಷ 127 ಸೆಂ.ಮೀ. ಇದ್ದರೆ ಮುಂದಿನ ವರ್ಷ 128 ದಾಟಬಹುದು. ಆಗ ನಿಮ್ಮ ತರಗತಿಯೇ ಕೈತಪ್ಪುತ್ತದೆ.

ಹಂತ 6: ಕರಾರು

ಎಷ್ಟೇ ಪರಿಚಯದವರಾದರೂ ಬರವಣಿಗೆಯಲ್ಲೇ ಆಗಲಿ. "ನಮ್ಮವರೇ ಅಲ್ವಾ, ಸುಮ್ನೆ ಯಾಕೆ" ಅನ್ನುವ ಮಾತಿಗೆ ಒಪ್ಪಬೇಡಿ. ನಮ್ಮವರೇ ಆಗಿ ಉಳಿಯಬೇಕು ಅಂತಲೇ ಬರೆಯುವುದು. ಬ್ರಿಟಿಷ್ ಹಾರ್ಸ್ ಸೊಸೈಟಿ ಲೋನ್ ಕರಾರಿನ ಮಾದರಿ ಕೊಡುತ್ತದೆ, ಅದರಿಂದ ಶುರು ಮಾಡಿ. ಸ್ಪರ್ಧೆಗೆಂದು ತಗೊಳ್ಳುವವರು ಅದರಲ್ಲಿ ಈ ವಿಷಯಗಳು ಸ್ಪಷ್ಟವಾಗಿವೆಯಾ ನೋಡಿ:

1. ಶುರು, ಕೊನೆ, ನೋಟಿಸ್ ಅವಧಿ. ಸೀಸನ್ ನಡುವೆ ಮಾಲೀಕರು ವಾಪಸ್ ಕೇಳಬಹುದಾ? ಪೋನಿ ಮಾರಾಟವಾದರೆ ನಿಮ್ಮ ಹಣದ ಕಥೆ ಏನು?

2. ಪೋನಿ ಕುಂಟಿದರೆ ಲೀಸ್ ಹಣ ನಿಲ್ಲುತ್ತದಾ, ಮುಂದುವರಿಯುತ್ತದಾ? ಜಗಳ ಆಗುವುದು ಜಾಸ್ತಿ ಇಲ್ಲೇ.

3. ವೆಟ್ ಬಿಲ್ ಯಾರದು, ಎಲ್ಲಿಯವರೆಗೆ? ಆಪರೇಷನ್ ಬೇಕಾದರೆ ನಿರ್ಧಾರ ಯಾರದು? ರಾತ್ರಿ ಎರಡು ಗಂಟೆಗೆ ಹೊಟ್ಟೆನೋವಿನಿಂದ ಹೊರಳಾಡುತ್ತಿದೆ, ಮಾಲೀಕರು ಫೋನ್ ಎತ್ತುತ್ತಿಲ್ಲ. ನೋವು ಮುಗಿಸಲು ದಯಾಮರಣದ ಸೂಜಿಗೆ ಒಪ್ಪಿಗೆ ಕೊಡುವ ಅಧಿಕಾರ ವೆಟ್ ಮಾತಿನ ಮೇಲೆ ನಿಮಗಿದೆಯಾ? ಬರೆಯಲು ಕಷ್ಟವಾದ ಸಾಲು ಇದು. ಆದರೂ ಬರೆಯಿಸಿ. ಇಲ್ಲದಿದ್ದರೆ ಆ ರಾತ್ರಿ ನರಳುವುದು ಪೋನಿ.

4. ಯಾರು ಸವಾರಿ ಮಾಡಬಹುದು, ಯಾವ ಕೆಲಸಕ್ಕೆ? ಜಿಗಿತ ಇದೆಯಾ? ತಮ್ಮ, ತಂಗಿ ಹತ್ತಬಹುದಾ?

5. ಯಾವ ಹಂತದ ಶೋವರೆಗೆ? ನಾವಿಸ್ ಪೋನಿ ಗೆಲ್ಲುತ್ತಾ ಹೋದರೆ ಆ ಅರ್ಹತೆ ಕಳೆದುಕೊಳ್ಳುತ್ತದೆ, ಅದರಿಂದ ಮಾಲೀಕರ ಮುಂದಿನ ಲೆಕ್ಕ ಬದಲಾಗುತ್ತದೆ. ಬಹುಮಾನದ ಹಣ ಯಾರಿಗೆ, ಕ್ಯಾಟಲಾಗ್‌ನಲ್ಲಿ ಯಾರ ಹೆಸರು ಎಂಬುದೂ ಇರಲಿ.

6. ಜೀನು, ಲಗಾಮು, ರಗ್ಗುಗಳ ಪಟ್ಟಿ, ಪ್ರತಿಯೊಂದರ ಫೋಟೋ ಸಹಿತ. ಪೋನಿಯ ಫೋಟೋ ಕೂಡ: ಎರಡೂ ಬದಿ, ಮುಂದೆ, ಹಿಂದೆ, ಇರುವ ಗಾಯದ ಕಲೆಗಳು. ಇಬ್ಬರೂ ಸಹಿ ಹಾಕಿ.

7. ಕುತ್ತಿಗೆ ಕೂದಲು, ಬಾಲ ಕತ್ತರಿಸಬಹುದಾ? ಚಿಕ್ಕ ವಿಷಯ ಅನ್ನಿಸುತ್ತದೆ, ಆದರೆ ಬೆಳೆಯಲು ತಿಂಗಳುಗಳೇ ಬೇಕು. ನಮ್ಮ ಮೊದಲ ಕರಾರಿನಲ್ಲಿ ಈ ಸಾಲು ಇರಲಿಲ್ಲ. ಬಾಲ ಎರಡು ಇಂಚು ಗಿಡ್ಡ ಮಾಡಿದ್ದಕ್ಕೆ ಮಾಲೀಕರ ಜೊತೆ ವಾರಗಟ್ಟಲೆ ಮನಸ್ತಾಪ ಆಯಿತು.

ಹಂತ 7: ವಿಮೆ ಮತ್ತು ಕಾನೂನು

1971ರ ಪ್ರಾಣಿಗಳ ಕಾಯ್ದೆಯಲ್ಲಿ 'ಕೀಪರ್' ಅಂದರೆ ಮಾಲೀಕರು ಮಾತ್ರ ಅಲ್ಲ, ಪ್ರಾಣಿ ಯಾರ ವಶದಲ್ಲಿದೆಯೋ ಅವರೂ ಹೌದು. 16ಕ್ಕಿಂತ ಚಿಕ್ಕ ಮಗುವಿನ ವಶದಲ್ಲಿದ್ದರೆ ಮನೆಯ ಯಜಮಾನರು ಕೀಪರ್. ಪೋನಿ ತಪ್ಪಿಸಿಕೊಂಡು ರಸ್ತೆಗೆ ನುಗ್ಗಿ ಕಾರಿಗೆ ಪೆಟ್ಟಾದರೆ ಹಣ ಕೇಳಿಕೊಂಡು ನಿಮ್ಮ ಮನೆಗೂ ಬರಬಹುದು. ಹಾಗೆಯೇ 2006ರ ಪ್ರಾಣಿ ಕಲ್ಯಾಣ ಕಾಯ್ದೆಯಲ್ಲಿ ಪೋನಿಯ ಆರೈಕೆಗೆ ನೀವೇ ಹೊಣೆ, ಮಗು ಅಲ್ಲ. ಆದ್ದರಿಂದ ಮೂರನೆಯವರ ಹಾನಿಗೆ ವಿಮೆ ಇಲ್ಲದೆ ಒಂದು ದಿನವೂ ಇಟ್ಟುಕೊಳ್ಳಬೇಡಿ. ಬ್ರಿಟಿಷ್ ಹಾರ್ಸ್ ಸೊಸೈಟಿಯ ಗೋಲ್ಡ್ ಸದಸ್ಯತ್ವದ ಜೊತೆ ಅದು ಬರುತ್ತದೆ. ವೆಟ್ ಖರ್ಚಿನ ವಿಮೆ ಬೇರೆ. "ಇದು ಲೀಸ್ ಪೋನಿ" ಅಂತ ಕಂಪನಿಗೆ ಮೊದಲೇ ಹೇಳಿ. ಮುಚ್ಚಿಟ್ಟರೆ ಕ್ಲೇಮ್ ತಿರಸ್ಕಾರವಾಗುತ್ತದೆ. ಎಷ್ಟೋ ಪಾಲಿಸಿಗಳಲ್ಲಿ ಮೊದಲ 14 ದಿನದಲ್ಲಿ ಬಂದ ಕಾಯಿಲೆಗೆ ಹಣ ಸಿಗುವುದಿಲ್ಲ, ಹಳೆಯ ಕಾಯಿಲೆಗೂ ಸಿಗುವುದಿಲ್ಲ.

ಪೋನಿಯನ್ನು ಕಾರಿಗೆ ಟ್ರೇಲರ್ ಕಟ್ಟಿ ನೀವೇ ಒಯ್ಯುವುದಾದರೆ, ಊರಿನಿಂದ ಹೊಸದಾಗಿ ಬಂದವರಿಗೆ ಒಂದು ಮಾತು: ಭಾರತದ ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಇಲ್ಲಿ ನೆಲೆಸಿದ ಮೇಲೆ 12 ತಿಂಗಳು ಮಾತ್ರ ಓಡಿಸಬಹುದು. ಇಲ್ಲಿನ ಕಾರ್ ಲೈಸೆನ್ಸ್ ಇದ್ದರೆ 2021ರ ಡಿಸೆಂಬರ್ 16ರಿಂದ 3,500 ಕೆ.ಜಿ.ವರೆಗಿನ ಟ್ರೇಲರ್ ಎಳೆಯಲು ಬೇರೆ ಪರೀಕ್ಷೆ ಬೇಡ. ಆದರೆ ನಿಮ್ಮ ಕಾರಿಗೆ ಎಳೆಯುವ ಮಿತಿ ಎಷ್ಟು ಎಂದು ನೋಡಿಕೊಳ್ಳಿ.

ಹಂತ 8: ಮನೆಗೆ ತಂದ ಮೊದಲ ವಾರಗಳು

ಪಾಸ್‌ಪೋರ್ಟ್ ಪೋನಿಯ ಜೊತೆಯೇ ಬರಬೇಕು. "ಆಮೇಲೆ ಪೋಸ್ಟ್ ಮಾಡುತ್ತೇವೆ" ಅಂದರೆ ಗಾಡಿ ಹತ್ತಿಸಬೇಡಿ. ಲಾಯಕ್ಕೆ ಬಂದ ಮೇಲೆ ಎರಡು ಮೂರು ವಾರ ಬೇರೆ ಪೋನಿಗಳಿಂದ ದೂರ ಇಡಿ. ಸ್ಟ್ರ್ಯಾಂಗಲ್ಸ್ ಎಂಬ ಸೋಂಕು ಇದೆ: ಜ್ವರ, ಮೂಗಿನಿಂದ ಕೀವು, ದವಡೆಯ ಕೆಳಗೆ ಗಡ್ಡೆ. ಒಂದು ಪೋನಿಯಿಂದ ಇಡೀ ಲಾಯಕ್ಕೆ ಹರಡುತ್ತದೆ. ದಿನವೂ ಜ್ವರ ನೋಡಿ. 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಸಹಜ.

ಜೀನು ಜೊತೆಗೇ ಬಂದಿದ್ದರೂ ಒಮ್ಮೆ ಫಿಟ್ಟರ್‌ಗೆ ತೋರಿಸಿ. ಪೋನಿಯ ಬೆನ್ನು ಋತುವಿಗೆ ತಕ್ಕಂತೆ ದಪ್ಪ ಸಣ್ಣ ಆಗುತ್ತದೆ.

ಮೊದಲ ಶೋಗೆ ಆತುರ ಬೇಡ. ಒಂದು ತಿಂಗಳು ಮಗು ಅದರ ಮೈ ಉಜ್ಜಲಿ, ನೀರು ಇಡಲಿ, ಜೊತೆಗೆ ನಡೆಯಲಿ.

ಹಂತ 9: ತೂಕದ ಮೇಲೆ ಕಣ್ಣಿರಲಿ

ಈ ಲೇಖನದಲ್ಲಿ ಒಂದೇ ಒಂದು ಭಾಗ ನೆನಪಿಟ್ಟುಕೊಂಡರೂ ಸಾಕು ಅಂದರೆ, ಅದು ಇದು. ಶೋ ರಿಂಗಿನಲ್ಲಿ ದುಂಡಗಿರುವ ಪೋನಿ ಚೆನ್ನಾಗಿ ಕಾಣುತ್ತದೆ ಅಂತ ತಿನ್ನಿಸುವವರು ಈಗಲೂ ಇದ್ದಾರೆ. ಅದರ ಬೆಲೆ ಕಟ್ಟುವುದು ಪೋನಿಯ ಕಾಲು. ಲ್ಯಾಮಿನೈಟಿಸ್ ಅಂದರೆ ಗೊರಸಿನೊಳಗೆ ಮೂಳೆಯನ್ನು ಹಿಡಿದಿಟ್ಟಿರುವ ಪದರ ಕೆಡುವುದು. ಹೆಜ್ಜೆ ಹೆಜ್ಜೆಗೂ ನೋವು. ಜೋರಾದರೆ ಪೋನಿಯನ್ನು ಉಳಿಸಲು ಆಗುವುದಿಲ್ಲ. ದಪ್ಪ ಪೋನಿ ಮತ್ತು ವಸಂತದ ಸಕ್ಕರೆ ತುಂಬಿದ ಹುಲ್ಲು ಸೇರಿದರೆ ಅಪಾಯ ಹೆಚ್ಚು.

ಮಗುವಿಗೆ ಈ ಪರೀಕ್ಷೆ ಕಲಿಸಿ. ಪಕ್ಕೆಯ ಮೇಲೆ ಅಂಗೈ ಸವರಿದರೆ ಮೂಳೆ ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸಿಗಬೇಕು. ಕುತ್ತಿಗೆಯ ಮೇಲಂಚನ್ನು ಹಿಡಿದು ಅಲ್ಲಾಡಿಸಿ: ಮೆತ್ತಗೆ ಆ ಕಡೆ ಈ ಕಡೆ ವಾಲಿದರೆ ಸರಿ, ಗಟ್ಟಿ ಸೌತೆಕಾಯಿಯ ಹಾಗಿದ್ದರೆ ಕೊಬ್ಬು ಕಟ್ಟಿದೆ. ಗೊರಸಿನ ಸ್ವಲ್ಪ ಮೇಲೆ, ಕಾಲಿನ ಹಿಂಭಾಗದ ಎರಡು ಪಕ್ಕದಲ್ಲಿ ಬೆರಳಿಟ್ಟರೆ ನಾಡಿ ಕಷ್ಟಪಟ್ಟು ಸಿಗಬೇಕು. ಟಕ್ ಟಕ್ ಅಂತ ಬಡಿಯುತ್ತಿದ್ದರೆ, ಗೊರಸು ಬಿಸಿಯಾಗಿದ್ದರೆ, ತಿರುಗಲು ಹಿಂಜರಿದರೆ, ತೂಕವನ್ನು ಹಿಂಗಾಲಿಗೆ ಹಾಕಿ ನಿಂತಿದ್ದರೆ ಆಗಲೇ ವೆಟ್ ಕರೆಯಿರಿ. ನಾಳೆ ಶೋ ಇದ್ದರೂ ಸರಿ, ಯಾವ ಶೋ ಆದರೂ ಸರಿ.

ಹಂತ 10: ಶೋ ದಿನ

ಹೆಸರು ಕೊಡುವ ಮೊದಲು ನೋಂದಣಿ ಪೂರ್ತಿ ಆಗಿದೆಯಾ ನೋಡಿ. ಪೋನಿಯದು, ಸವಾರರದು ಬೇರೆ ಬೇರೆ. ಲೀಸ್ ಆಗಿರುವುದನ್ನು ಸಂಘಕ್ಕೆ ತಿಳಿಸುವ ನಿಯಮವನ್ನು ಆ ವರ್ಷದ ನಿಯಮಪುಸ್ತಕದಲ್ಲೇ ಓದಿಕೊಳ್ಳಿ. ಫ್ಲೂ ಲಸಿಕೆಯ ದಿನಾಂಕಗಳು ಪಾಸ್‌ಪೋರ್ಟಿನಲ್ಲಿ ಸರಿಯಾಗಿರಬೇಕು. ಕೆಲವು ಕಡೆ 6 ತಿಂಗಳೊಳಗಿನ ಡೋಸ್ ಕೇಳುತ್ತಾರೆ, ಒಂದು ದಿನ ತಪ್ಪಿದ್ದರೂ ಗೇಟಿನಿಂದಲೇ ವಾಪಸ್.

ಬಟ್ಟೆಬರೆ ಬೇಗ ಹೇಳಿಬಿಡುತ್ತೇನೆ. ಶೋ ಪೋನಿಗೆ ಕುತ್ತಿಗೆ ಕೂದಲು ಜಡೆ ಹಾಕುತ್ತಾರೆ, ಹಣೆಪಟ್ಟಿ ಬಣ್ಣದ್ದು, ಮಗುವಿಗೆ ನೇವಿ ಜಾಕೆಟ್. ವೆಲ್ಷ್‌ನಂತಹ ನಾಡತಳಿಗಳಿಗೆ ಜಡೆ ಇಲ್ಲ, ಜಾಕೆಟ್ ಟ್ವೀಡ್. ಲೀಡ್ ರೇನ್‌ನಲ್ಲಿ ಹಗ್ಗವನ್ನು ಮೂಗುಪಟ್ಟಿಗೆ ಮಾತ್ರ ಕಟ್ಟಬೇಕು, ಕಡಿವಾಣಕ್ಕೆ ಅಲ್ಲ. ಎಲ್ಲವನ್ನೂ ಸೆಕೆಂಡ್ ಹ್ಯಾಂಡ್ ತಗೊಳ್ಳಿ, ಹೆಲ್ಮೆಟ್ ಒಂದನ್ನು ಮಾತ್ರ ಹೊಸದೇ ತಗೊಳ್ಳಿ.

ಊರಿನ ಚಿಕ್ಕ ಶೋಗಳಿಂದ ಶುರು ಮಾಡಿ. ಜುಲೈನಲ್ಲಿ ಹಿಕ್‌ಸ್ಟೆಡ್‌ನ ರಾಯಲ್ ಇಂಟರ್‌ನ್ಯಾಷನಲ್, ಅಕ್ಟೋಬರಿನಲ್ಲಿ ಬರ್ಮಿಂಗ್‌ಹ್ಯಾಮ್‌ನ ಹಾರ್ಸ್ ಆಫ್ ದ ಇಯರ್ ಶೋ, ಇವೆಲ್ಲಕ್ಕೂ ಬೇರೆ ಶೋಗಳಲ್ಲಿ ಅರ್ಹತೆ ಪಡೆದೇ ಹೋಗಬೇಕು. ಇಲ್ಲಿ ಮೊದಲ ಬಹುಮಾನದ ರೋಸೆಟ್ (ರಿಬ್ಬನ್ನಿನ ಹೂವು) ಕೆಂಪು, ಎರಡನೆಯದು ನೀಲಿ. ಅಮೆರಿಕದಲ್ಲಿ ನೀಲಿಯೇ ಮೊದಲು. ಅಲ್ಲಿನ ನೆಂಟರಿಗೆ ಫೋಟೋ ಕಳಿಸುವಾಗ ಒಂದು ಸಾಲು ಸೇರಿಸಿ.

ಹಂತ 11: ವಾಪಸ್ ಕೊಡುವುದು

ಮುಗಿಯುವ ದಿನವನ್ನು ಮಗುವಿಗೆ ಮೊದಲ ದಿನವೇ ಹೇಳಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಕೊನೆಯ ವಾರ ಹೇಳಿದರೆ ಆ ಅಳು ನೋಡಲು ಆಗುವುದಿಲ್ಲ. ಹೊರಡುವ ಮೊದಲು ಲಾಳ, ಲಸಿಕೆ, ಜಂತಿನ ಪರೀಕ್ಷೆ ಎಲ್ಲ ಆಗಿರಲಿ. ಬಂದ ದಿನ ತೆಗೆದ ಕೋನಗಳಲ್ಲೇ ಮತ್ತೆ ಫೋಟೋ ತೆಗೆಯಿರಿ. ಸಾಮಾನಿನ ಪಟ್ಟಿ ಎದುರಿಗಿಟ್ಟುಕೊಂಡು ಒಂದೊಂದೇ ಒಪ್ಪಿಸಿ, ಸಹಿ ತಗೊಳ್ಳಿ. ಏನು ತಿನ್ನುತ್ತಿತ್ತು, ಎಷ್ಟು, ದಿನಕ್ಕೆ ಎಷ್ಟು ಹೊತ್ತು ಹುಲ್ಲಿನಲ್ಲಿತ್ತು ಎಂಬುದನ್ನು ಬರೆದು ಕೊಡಿ. ಆಹಾರ ತಟ್ಟನೆ ಬದಲಾದರೆ ಅದರ ಹೊಟ್ಟೆ ಕೆಡುತ್ತದೆ. ಸಂಘಕ್ಕೆ ತಿಳಿಸಿ. ವಿಮೆಯನ್ನು ಮಾತ್ರ ಪೋನಿ ಗಾಡಿ ಹತ್ತಿದ ಕೂಡಲೇ ನಿಲ್ಲಿಸಬೇಡಿ. ಅವರ ಲಾಯದಲ್ಲಿ ಇಳಿದು ನಿಂತ ಮೇಲೆ ಮಾಲೀಕರು "ತಲುಪಿತು" ಅಂತ ಮೆಸೇಜ್ ಕಳಿಸುತ್ತಾರಲ್ಲ, ಆಮೇಲೆ ನಿಲ್ಲಿಸಿ.